ಹಸುಗಳ ಬಿಳಿರಕ್ತದ ಬೇನೆ: ಹರಡುವ ಬಗೆ, ಪತ್ತೆ ಹಚ್ಚುವ ಬಗೆ



ಈ ಹೊತ್ತು ನಾನು ಹೇಳಬೇಕೆಂದಿರುವುದು ಕರೆಯುವ ಹಸುಗಳಿಗೆ ಬರುವ ಒಂದು ರಕ್ತದ ಬೇನೆಯ ವಿಚಾರ. ಪಶುವೈದ್ಯರು ಇದನ್ನು ಲ್ಯೂಕೋಸಿಸ್ ಎನ್ನುತ್ತಾರೆ. ನಮ್ಮ ಮಾತಿನ ಅನುಕೂಲಕ್ಕೆ ಬಿಳಿರಕ್ತದ ಬೇನೆ ಎಂದು ಕರೆಯೋಣ. ಕಾಲುಬಾಯಿ ಜ್ವರ, ಗಂಟಲುಬೇನೆ, ಚಪ್ಪೆರೋಗ ಇವುಗಳ ಹೆಸರು ಹೇಳಿದರೆ ರಾವಂದೂರು ಹೋಬಳಿಯಲ್ಲಿ ಗೊತ್ತಿಲ್ಲ ಎನ್ನುವವರಿಲ್ಲ. ೨೦೨೨ರಲ್ಲಿ ರಾಜ್ಯದ ಉದ್ದಗಲಕ್ಕೂ ಚರ್ಮಗಂಟು ರೋಗ ಬಂದು ದನಕರು ನರಳಿದ್ದನ್ನೂ ನಾವೆಲ್ಲ ಕಂಡಿದ್ದೇವೆ. ಆದರೆ ಈ ಬಿಳಿರಕ್ತದ ಬೇನೆಯ ಹೆಸರು ಕೇಳಿದವರು ಕಡಿಮೆ. ಏಕೆಂದರೆ ಇದು ಸದ್ದು ಮಾಡದ ಬೇನೆ. ಜ್ವರ ಬರಿಸುವುದಿಲ್ಲ, ಜೊಲ್ಲು ಸುರಿಸುವುದಿಲ್ಲ, ಮೇವು ಬಿಡಿಸುವುದಿಲ್ಲ. ವರ್ಷಗಟ್ಟಲೆ ಹಸುವಿನ ರಕ್ತದಲ್ಲಿ ಸುಮ್ಮನೆ ಕುಳಿತಿರುತ್ತದೆ.

ನಮ್ಮ ದೇಶದಲ್ಲಿ ಈ ಬೇನೆ ಅಮೆರಿಕದಲ್ಲಿ ಕಂಡಷ್ಟು ಕಂಡುಬಂದಿಲ್ಲ. ಹಾಗಿದ್ದ ಮೇಲೆ ಈಗಲೇ ಅದರ ಚಿಂತೆ ಏಕೆ ಎಂದು ನೀವು ಕೇಳಬಹುದು. ಬಂದ ಮೇಲೆ ಇದಕ್ಕೆ ಔಷಧವಿಲ್ಲ. ಬಳಕೆಗೆ ಬಂದಿರುವ ಲಸಿಕೆಯೂ ಇಲ್ಲ. ಬಾರದಂತೆ ತಡೆಯುವುದೊಂದೇ ದಾರಿ. ಆ ದಾರಿಗೆ ದೊಡ್ಡ ಖರ್ಚೇನೂ ಇಲ್ಲ, ಅದು ನಮ್ಮ ಕೈಯಲ್ಲೇ ಇದೆ. ಅದನ್ನು ಹೇಳುವುದಕ್ಕೇ ಈ ಭಾಷಣ.

ನಮ್ಮ ಕಡೆಯ ಬದುಕನ್ನು ಒಮ್ಮೆ ನೋಡಿ. ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪಿನ ದುಡ್ಡು ವರ್ಷಕ್ಕೊಂದು ಸಲ ಕೈಗೆ ಬರುತ್ತದೆ. ಅದೂ ಹರಾಜು ಕಟ್ಟೆಯಲ್ಲಿ ಏನು ಬೆಲೆ ಸಿಕ್ಕಿತೋ ಅಷ್ಟು. ನಡುವಿನ ತಿಂಗಳುಗಳಲ್ಲಿ ಮನೆಗೆ ಉಪ್ಪು, ಎಣ್ಣೆ, ಮಕ್ಕಳ ಶಾಲೆಯ ಖರ್ಚು ನಡೆಯುವುದು ಡೇರಿಯ ಬಟವಾಡೆಯಿಂದ. ಹಿಂದೆ ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಎತ್ತಿನ ಜೊತೆ ಇದ್ದರೆ ಅದೇ ಮನೆತನದ ಗೌರವ. ಈಗ ಅದರ ಪಕ್ಕದಲ್ಲಿ ಒಂದೋ ಎರಡೋ ಸೀಮೆಹಸು ನಿಂತಿರುತ್ತವೆ. ಸಾಲ ಮಾಡಿ ತಂದ ಹಸು ಅದು. ನಾಲ್ಕನೆಯ ಸೂಲಿನಲ್ಲಿ, ಹಾಲು ಚೆನ್ನಾಗಿ ಕೊಡುವ ಕಾಲಕ್ಕೆ, ಹಸು ಒಣಗುತ್ತಾ ಹೋಗಿ ಬಿದ್ದರೆ ಆ ಮನೆಯ ಗತಿ ಏನು? ಬಿಳಿರಕ್ತದ ಬೇನೆ ತನ್ನ ಬಣ್ಣ ತೋರಿಸುವುದು ಹೆಚ್ಚಾಗಿ ಅಂಥ ವಯಸ್ಸಿನಲ್ಲೇ, ಎಂದರೆ ನಾಲ್ಕರಿಂದ ಎಂಟು ವರ್ಷದ ಹಸುವಿನಲ್ಲಿ.

ಈಗ ಬೇನೆಯ ಮೂಲ ಏನೆಂದು ತಿಳಿಯೋಣ. ಹಸುವಿನ ರಕ್ತದಲ್ಲಿ ಕೆಂಪು ಕಣಗಳಿವೆ, ಬಿಳಿ ಕಣಗಳಿವೆ. ಬಿಳಿ ಕಣಗಳು ಮೈಯ ಕಾವಲುಗಾರರು. ಹೊರಗಿನಿಂದ ರೋಗ ಬಂದರೆ ಅದರೊಡನೆ ಹೋರಾಡುವುದು ಅವುಗಳ ಕೆಲಸ. ಬಿಳಿರಕ್ತದ ಬೇನೆಯ ವೈರಾಣು ಈ ಕಾವಲುಗಾರರ ಮೈಯೊಳಕ್ಕೇ ಹೊಕ್ಕು ಮನೆ ಮಾಡಿಕೊಳ್ಳುತ್ತದೆ. ಒಮ್ಮೆ ಹೊಕ್ಕಿತೆಂದರೆ ಹಸುವಿಗೆ ಜೀವ ಇರುವ ತನಕ ಬಿಡುವುದಿಲ್ಲ. ಜರ್ಮನಿಯಲ್ಲಿ ೧೮೭೧ರಷ್ಟು ಹಿಂದೆಯೇ ಈ ಬೇನೆಯ ಲಕ್ಷಣಗಳನ್ನು ಬರೆದಿಟ್ಟಿದ್ದರು. ಆದರೆ ಇದಕ್ಕೆ ವೈರಾಣು ಕಾರಣವೆಂದು ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದದ್ದು ೧೯೬೯ರಲ್ಲಿ. ಕಾರಣ ತಿಳಿಯಲು ನೂರು ವರ್ಷ ಹಿಡಿಯಿತು ಎಂದ ಮೇಲೆ ಈ ಬೇನೆ ಎಷ್ಟು ಗುಟ್ಟಿನದು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ವೈರಾಣು ಹೊಕ್ಕ ಹಸುಗಳೆಲ್ಲ ಸಾಯುತ್ತವೆಯೇ? ಇಲ್ಲ. ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ವೈರಾಣು ಹೊಕ್ಕ ನೂರು ಹಸುಗಳಲ್ಲಿ ಸುಮಾರು ೬೫ರಿಂದ ೭೦ ಹಸುಗಳು ಹೊರನೋಟಕ್ಕೆ ಏನೂ ತೋರಿಸುವುದಿಲ್ಲ. ಸುಮಾರು ೩೦ ಹಸುಗಳ ರಕ್ತದಲ್ಲಿ ಬಿಳಿ ಕಣಗಳ ಲೆಕ್ಕ ಏರಿ ಏರಿದಂತೆಯೇ ನಿಲ್ಲುತ್ತದೆ. ಅವೂ ನೋಡಲು ಆರೋಗ್ಯವಾಗಿಯೇ ಇರುತ್ತವೆ. ಮೈಯಲ್ಲಿ ಗಡ್ಡೆ ಎದ್ದು ಸಾಯುವ ಹಸುಗಳು ನೂರಕ್ಕೆ ಐದಕ್ಕಿಂತ ಕಡಿಮೆ. ಹಾಗಾದರೆ ಉಳಿದ ತೊಂಬತ್ತೈದರ ಚಿಂತೆ ಏಕೆ ಎನ್ನುತ್ತೀರಾ? ಅಪಾಯ ಇರುವುದೇ ಅಲ್ಲಿ. ಸಾಯುವ ಹಸುವನ್ನು ಎಲ್ಲರೂ ನೋಡುತ್ತಾರೆ, ಎಚ್ಚರವಾಗುತ್ತಾರೆ. ಏನೂ ತೋರಿಸದ ಹಸು ಮಾತ್ರ ಹತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತು, ಪಕ್ಕದ ಹಸುವಿಗೂ, ಬೀದಿಯ ಹಸುಗಳಿಗೂ ಬೇನೆ ಹಂಚುತ್ತಿರುತ್ತದೆ.

ಒಬ್ಬ ಯಜಮಾನರು ಹೀಗೆ ಕೇಳಬಹುದು. "ಸ್ವಾಮಿ, ನಮ್ಮ ಹಸು ಮೇಯ್ತದೆ, ಮೆಲುಕು ಹಾಕ್ತದೆ, ಹೊತ್ತಿಗೆ ಆರು ಲೀಟರ್ ಹಾಲು ಕೊಡ್ತದೆ. ಇಂಥಾ ಹಸು ಇನ್ನೊಂದಕ್ಕೆ ರೋಗ ಕೊಡ್ತದೆ ಅಂದ್ರೆ ಹೆಂಗೆ ನಂಬೋದು?"

ಯಜಮಾನರೇ, ಇದನ್ನು ನಂಬಲು ನಿಮ್ಮ ಹೊಗೆಸೊಪ್ಪಿನ ಹೊಲಕ್ಕೇ ಹೋಗೋಣ ಬನ್ನಿ. ಹೊಗೆಸೊಪ್ಪಿಗೆ ಮೊಸಾಯಿಕ್ ರೋಗ ಬರುವುದು ನಿಮಗೆ ಗೊತ್ತು. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆಮಚ್ಚೆಯಾಗಿ ಕಾಣುತ್ತದೆ. ಅದೂ ವೈರಾಣುವಿನಿಂದಲೇ ಬರುವ ರೋಗ. ಅದನ್ನು ಹರಡುವವರು ಯಾರು? ಗಾಳಿಯಲ್ಲ, ಮಳೆಯಲ್ಲ. ಕುಡಿ ಚಿವುಟುವಾಗ, ಕಂಕುಳ ಚಿಗುರು ಮುರಿಯುವಾಗ ರೋಗದ ಗಿಡ ಮುಟ್ಟಿದ ಕೈಯಲ್ಲೇ ಮುಂದಿನ ಗಿಡ ಮುಟ್ಟುತ್ತೇವೆ. ಗಿಡದ ರಸ ಕೈಗೆ ಅಂಟಿರುತ್ತದೆ. ರೋಗ ಸಾಲು ಹಿಡಿದು ಹೋಗುತ್ತದೆ. ಅದಕ್ಕೇ ಸಸಿಮಡಿಗೆ ಇಳಿಯುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಬೀಡಿ ಸೇದಿದ ಕೈಯಲ್ಲಿ ಸಸಿ ಮುಟ್ಟಬೇಡಿ ಎಂದು ನಾವು ಹೇಳುತ್ತಾ ಬಂದಿರುವುದು.

ಹಸುವಿನ ಬಿಳಿರಕ್ತದ ಬೇನೆಯೂ ಹಾಗೆಯೇ. ಅಲ್ಲಿ ಗಿಡದ ರಸ, ಇಲ್ಲಿ ಹಸುವಿನ ರಕ್ತ. ವೈರಾಣು ಇರುವುದು ಬಿಳಿ ಕಣದೊಳಗೆ. ಬಿಳಿ ಕಣ ಇರುವುದು ರಕ್ತದಲ್ಲಿ. ಬೇನೆಯ ಹಸುವಿನ ರಕ್ತ ತೀರ ಸ್ವಲ್ಪವೇ ಆದರೂ ಇನ್ನೊಂದು ಹಸುವಿನ ಮೈಯೊಳಕ್ಕೆ ಸೇರಿದರೆ ಬೇನೆ ದಾಟಬಹುದು. ಸೂಜಿಯ ತುದಿಗೆ ಅಂಟಿ, ಕಣ್ಣಿಗೆ ಕಾಣದಷ್ಟು ಉಳಿದರೂ ಅದಕ್ಕೆ ಸಾಕು.

ರಕ್ತ ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುವ ದಾರಿಗಳು ಯಾವುವು? ಒಂದೊಂದಾಗಿ ಎಣಿಸೋಣ.

ಮೊದಲನೆಯದು ಚುಚ್ಚುಮದ್ದಿನ ಸೂಜಿ. ಒಂದು ಬೀದಿಯಲ್ಲಿ ಇಪ್ಪತ್ತು ರಾಸು ಕಟ್ಟಿವೆ ಎಂದುಕೊಳ್ಳಿ. ಒಂದೇ ಸೂಜಿಯಲ್ಲಿ ಇಪ್ಪತ್ತಕ್ಕೂ ಚುಚ್ಚಿದರೆ, ಮೂರನೆಯ ರಾಸಿಗೆ ಬೇನೆ ಇದ್ದಲ್ಲಿ ನಾಲ್ಕನೆಯದಕ್ಕೂ ಅದರ ಮುಂದಿನವಕ್ಕೂ ಅಪಾಯ ತಗುಲಿದಂತಾಯಿತು. ಇನ್ನು ಕೆಲವರು ಹಾಲು ಇಳಿಯಲೆಂದು ಕರೆಯುವ ಹೊತ್ತಿಗೆ ಹಸುವಿಗೆ ಚುಚ್ಚುಮದ್ದು ಕೊಡುವುದುಂಟು. ಒಂದೇ ಸೂಜಿ, ದಿನಕ್ಕೆರಡು ಹೊತ್ತು, ಕೊಟ್ಟಿಗೆಯ ಹಸುಗಳಿಗೆಲ್ಲ! ಪಶುವೈದ್ಯರ ಸಲಹೆ ಇಲ್ಲದೆ ಆ ಕೆಲಸ ಮಾಡಲೇಬಾರದು. ಹಸುವಿಗೂ ಕೆಡುಕು, ಬೇನೆಗೂ ಅದು ಹೆದ್ದಾರಿ.

ಎರಡನೆಯದು ಕೊಯ್ಯುವ, ಚುಚ್ಚುವ ಹತಾರಗಳು. ಕರುವಿನ ಕೊಂಬು ತೆಗೆಯುವುದು, ಎತ್ತಿನ ಕೊಂಬು ಹೆರೆಯುವುದು, ಗೊರಸು ಕತ್ತರಿಸುವುದು, ಮೂಗುದಾರ ಹಾಕಲು ದಬ್ಬಳದಿಂದ ಮೂಗು ಚುಚ್ಚುವುದು, ಕಿವಿಗೆ ನಂಬರಿನ ಓಲೆ ಹಾಕುವುದು, ಇವೆಲ್ಲ ರಕ್ತ ಬರುವ ಕೆಲಸಗಳು. ಅದೇ ದಬ್ಬಳ ಈ ಮನೆಯಿಂದ ಆ ಮನೆಗೆ ಎರವಲು ಹೋಗುತ್ತದೆ. ಹೋಗುವಾಗ ತೊಳೆದು ಕೊಟ್ಟವರುಂಟೇ?

ಮೂರನೆಯದು ಗರ್ಭ ತಪಾಸಣೆಯ ಕೈಚೀಲ. ಹಸು ಗಬ್ಬವೋ ಅಲ್ಲವೋ ಎಂದು ನೋಡಲು ಕೈಗೆ ಉದ್ದದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಗುದದ್ವಾರದಲ್ಲಿ ಪರೀಕ್ಷೆ ಮಾಡುತ್ತಾರೆ. ಒಳಗೆ ಸ್ವಲ್ಪ ಗೀರಿದರೂ ರಕ್ತ ಅಂಟುತ್ತದೆ. ಅದೇ ಚೀಲದಲ್ಲಿ ಮುಂದಿನ ಹಸುವನ್ನು ನೋಡಿದರೆ ಬೇನೆ ದಾಟಬಲ್ಲುದು. ಒಂದು ಹಸುವಿಗೆ ಒಂದು ಚೀಲ, ಮುಗಿದ ಮೇಲೆ ಗುಂಡಿಗೆ.

ನಾಲ್ಕನೆಯದು ರಕ್ತ ಹೀರುವ ದೊಡ್ಡ ನೊಣ. ಹಸು ಬಾಲ ಬೀಸಿದಾಗ ಅರ್ಧ ಹೀರಿದ ನೊಣ ಎದ್ದು ಪಕ್ಕದ ಹಸುವಿನ ಮೇಲೆ ಕೂರುತ್ತದೆ. ಅದರ ಬಾಯಲ್ಲಿ ಹಸಿ ರಕ್ತ ಇರುತ್ತದೆ. ಹತ್ತಿರ ಹತ್ತಿರ ಕಟ್ಟಿದ ರಾಸುಗಳಿಗೆ ಹೀಗೆ ಬೇನೆ ತಗಲುವುದುಂಟು.

ಐದನೆಯದು ತಾಯಿಯಿಂದ ಕರುವಿಗೆ. ಬೇನೆಯ ಹಸುವಿನ ಹೊಟ್ಟೆಯಲ್ಲಿರುವಾಗಲೇ ಕೆಲವು ಕರುಗಳಿಗೆ ಬೇನೆ ಬರುತ್ತದೆ. ಅಂಥವು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಹುಟ್ಟಿದ ಮೇಲೆ ಹಾಲಿನ ಮೂಲಕವೂ ಕೆಲವಕ್ಕೆ ಬರುವುದುಂಟು.

ಹಾಗೆಂದು ಒಂದೇ ತೊಟ್ಟಿಯಲ್ಲಿ ನೀರು ಕುಡಿದ ಕೂಡಲೆ, ಒಂದೇ ಗೋಮಾಳದಲ್ಲಿ ಮೇದ ಕೂಡಲೆ ಬೇನೆ ಬಂದೇ ಬಿಡುತ್ತದೆಂದು ಹೆದರಬೇಡಿ. ಅದು ಇದರ ಮುಖ್ಯ ದಾರಿಯಲ್ಲ. ಕಾಲುಬಾಯಿ ಜ್ವರದಂತೆ ಗಾಳಿಯಲ್ಲಿ ಊರಿಂದೂರಿಗೆ ಹಾರುವ ಶಕ್ತಿ ಇದಕ್ಕಿಲ್ಲ. ಹಸುವಿನ ಮೈಯಿಂದ ಹೊರಬಿದ್ದ ವೈರಾಣು ಬಿಸಿಲಿಗೆ, ಬಿಸಿನೀರಿಗೆ, ಸೋಪಿಗೆ ಬಹಳ ಹೊತ್ತು ತಡೆದುಕೊಳ್ಳಲಾರದು. ಬಲ ಇರುವುದು ವೈರಾಣುವಿಗಲ್ಲ, ನಮ್ಮ ಅಸಡ್ಡೆಗೆ.

ಅಸಡ್ಡೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಪರದೇಶದ ಒಂದು ಸಂಗತಿ ಕೇಳಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಉಣ್ಣೆಯಿಂದ ಬರುವ ಜ್ವರಕ್ಕೆ ಕರುವಿನ ರಕ್ತದಿಂದಲೇ ಲಸಿಕೆ ತಯಾರಿಸುತ್ತಿದ್ದರು. ೧೯೮೬ರಲ್ಲಿ ರಕ್ತ ಕೊಟ್ಟ ಕರುವಿಗೆ ಬಿಳಿರಕ್ತದ ಬೇನೆ ಇದ್ದದ್ದು ತಪ್ಪಿಹೋಗಿ, ಆ ಲಸಿಕೆ ಹಾಕಿಸಿಕೊಂಡ ಹಲವು ಹಿಂಡುಗಳಿಗೆ ಬೇನೆ ಹಬ್ಬಿತು. ಇದನ್ನು ಕೇಳಿ ನಮ್ಮ ಕಾಲುಬಾಯಿ ಜ್ವರದ ಲಸಿಕೆಗೆ ಅಂಜಬೇಡಿ. ಅದು ದನದ ರಕ್ತದಿಂದ ಮಾಡಿದ್ದಲ್ಲ. ಕಾರ್ಖಾನೆಯಲ್ಲಿ ಜೀವಕೋಶಗಳಲ್ಲಿ ಬೆಳೆಸಿ, ರೋಗಾಣುವನ್ನು ಸಾಯಿಸಿ ತಯಾರಿಸಿದ್ದು. ಲಸಿಕೆ ತಪ್ಪದೆ ಹಾಕಿಸಿ. ಸೂಜಿ ಮಾತ್ರ ರಾಸಿಗೊಂದು ಹೊಸದು ಇರಲಿ.

ಇನ್ನು ಬೇನೆಯನ್ನು ಪತ್ತೆ ಹಚ್ಚುವುದು ಹೇಗೆ?

ಬೇನೆ ಬಲಿತ ಹಸುವಿನಲ್ಲಿ ಕಾಣುವ ಗುರುತುಗಳು ಇವು. ಕಾರಣ ತಿಳಿಯದೆ ಹಸು ಒಣಗುತ್ತಾ ಹೋಗುತ್ತದೆ, ಹಾಲು ಇಳಿಯುತ್ತದೆ. ಹೆಗಲ ಮುಂದೆ, ದವಡೆಯ ಕೆಳಗೆ, ತೊಡೆಯ ಮುಂದಿನ ಚರ್ಮದ ಮಡಿಕೆಯಲ್ಲಿ ಗಂಟುಗಳು ದಪ್ಪವಾಗಿ ಕೈಗೆ ಸಿಗುತ್ತವೆ. ಗಡ್ಡೆ ಕಣ್ಣಿನ ಹಿಂದೆ ಬೆಳೆದರೆ ಕಣ್ಣುಗುಡ್ಡೆ ಮುಂದಕ್ಕೆ ಉಬ್ಬುತ್ತದೆ. ಬೆನ್ನುಹುರಿಯ ಹತ್ತಿರ ಬೆಳೆದರೆ ಹಿಂಗಾಲು ಸೋಲುತ್ತದೆ. ಹೊಟ್ಟೆಯಲ್ಲಿ ಬೆಳೆದರೆ ಮೇವು ಅರಗದು. ಗರ್ಭಕೋಶದಲ್ಲಿ ಬೆಳೆದರೆ ಗಬ್ಬ ನಿಲ್ಲದು. ಹೃದಯದಲ್ಲಿ ಬೆಳೆದರೆ ಹಸು ಇದ್ದಕ್ಕಿದ್ದಂತೆ ಬೀಳಲೂಬಹುದು.

ಆದರೆ ಒಂದು ಮಾತು. ಗಂಟು ಕಂಡಿತೆಂದು ಬಿಳಿರಕ್ತದ ಬೇನೆಯೇ ಎಂದು ನೀವೇ ತೀರ್ಪು ಕೊಡಬೇಡಿ. ನಮ್ಮ ಕಡೆಯ ಸೀಮೆಹಸುಗಳಲ್ಲಿ ಹೆಗಲ ಮುಂದಿನ ಗಂಟು ಊದಿದರೆ ಮೊದಲು ಸಂಶಯ ಪಡಬೇಕಾದದ್ದು ಥೈಲೇರಿಯಾ ಜ್ವರವನ್ನು. ಅದು ಉಣ್ಣೆ ಕಡಿತದಿಂದ ಬರುವುದು. ನಾಟಿ ಹಸುಗಳು ಅದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ, ಸೀಮೆಹಸುಗಳು ತಡೆಯಲಾರವು. ಎರಡಕ್ಕೂ ಇರುವ ವ್ಯತ್ಯಾಸವನ್ನು ತಿಳಿದಿರಿ. ಥೈಲೇರಿಯಾದಲ್ಲಿ ಜ್ವರ ೧೦೪ ಡಿಗ್ರಿಗೂ ಮೇಲೆ ಏರುತ್ತದೆ. ಹಸು ಮೇವು ಬಿಡುತ್ತದೆ, ಏದುಸಿರು, ಕೆಮ್ಮು ಬರುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ. ಎಲ್ಲವೂ ಕೆಲವೇ ದಿನಗಳಲ್ಲಿ ನಡೆಯುತ್ತದೆ. ಮೈಮೇಲೆ ಹುಡುಕಿದರೆ ಉಣ್ಣೆ ಸಿಗುತ್ತವೆ. ಬಿಳಿರಕ್ತದ ಬೇನೆಯ ಗಂಟು ಹಾಗಲ್ಲ. ಜ್ವರದ ಅಬ್ಬರ ಇಲ್ಲದೆ, ನಿಧಾನವಾಗಿ, ವಯಸ್ಸಾದ ಹಸುವಿನಲ್ಲಿ ಬೆಳೆಯುತ್ತದೆ.

ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಥೈಲೇರಿಯಾಕ್ಕೆ ಒಳ್ಳೆಯ ಔಷಧ ಇದೆ. ಬೇಗ ಪಶುವೈದ್ಯರನ್ನು ಕರೆಸಿದರೆ ಹಸು ಉಳಿಯುತ್ತದೆ. ಗಂಟಿನಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಥೈಲೇರಿಯಾದ ಗುರುತು ಕಾಣುತ್ತದೆ. 'ಗಂಟು ಎದ್ದಿದೆ, ಇನ್ನು ಇದು ಬದುಕೋದಿಲ್ಲ' ಎಂದು ಸಿಕ್ಕಿದ ಬೆಲೆಗೆ ಮಾರಿಬಿಟ್ಟರೆ, ಉಳಿಯುವ ಹಸುವನ್ನು ನೀವೇ ಕಳೆದುಕೊಂಡಂತೆ. ಮನೆ ಬಾಗಿಲಿಗೆ ಪಶುವೈದ್ಯರ ಗಾಡಿ ಬರಬೇಕಾದರೆ ೧೯೬೨ ಎಂಬ ನಾಲ್ಕು ಅಂಕಿಗೆ ಫೋನು ಮಾಡಿ.

ಹೊರಗೆ ಏನೂ ಕಾಣದ ಹಸುವಿನಲ್ಲಿ ಬೇನೆಯನ್ನು ಪತ್ತೆ ಮಾಡುವುದು ಕಣ್ಣಿನಿಂದ ಆಗದು. ರಕ್ತ ಪರೀಕ್ಷೆಯೇ ಆಗಬೇಕು. ಇದರಲ್ಲಿ ಮೂರು ಬಗೆ. ಹಳೆಯ ಕಾಲದ ಬಗೆಯೆಂದರೆ ರಕ್ತದ ಬಿಳಿ ಕಣಗಳನ್ನು ಎಣಿಸುವುದು. ಆದರೆ ವೈರಾಣು ಇದ್ದೂ ಲೆಕ್ಕ ಏರದ ಹಸುಗಳು ಹೆಚ್ಚು. ಆದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಎರಡನೆಯದು ಪ್ರತಿಕಾಯಗಳ ಪರೀಕ್ಷೆ. ವೈರಾಣು ಹೊಕ್ಕಾಗ ಮೈ ಅದರ ವಿರುದ್ಧ ತಯಾರಿಸುವ ವಸ್ತುವಿಗೆ ಪ್ರತಿಕಾಯ ಎನ್ನುತ್ತಾರೆ. ಕಳ್ಳನನ್ನು ಕಾಣದಿದ್ದರೂ ಅಂಗಳದಲ್ಲಿ ಅವನ ಹೆಜ್ಜೆಗುರುತು ಕಾಣುವಂತೆ ಇದು. ಎಲಿಸಾ ಎಂಬ ವಿಧಾನದಲ್ಲಿ ರಕ್ತದಲ್ಲಿಯೂ ನೋಡಬಹುದು, ಹಾಲಿನಲ್ಲಿಯೂ ನೋಡಬಹುದು. ಹಲವು ಹಸುಗಳ ಹಾಲು ಸೇರಿದ ಕ್ಯಾನಿನಿಂದ ಮಾದರಿ ತೆಗೆದು ಇಡೀ ಹಿಂಡಿನ ಸುಳಿವು ಹಿಡಿಯುವುದೂ ಉಂಟು. ಮೂರನೆಯದು ಪಿ.ಸಿ.ಆರ್. ಪರೀಕ್ಷೆ. ಇದು ಹೆಜ್ಜೆಗುರುತನ್ನಲ್ಲ, ಕಳ್ಳನನ್ನೇ ಹಿಡಿಯುವಂಥದು.

ಪರೀಕ್ಷೆ ಮಾಡಿಸುವ ಹೊತ್ತನ್ನೂ ತಿಳಿದಿರಬೇಕು. ತಾಯಿಯ ಗಿಣ್ಣುಹಾಲು ಕುಡಿದ ಕರುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳೇ ಆರು ತಿಂಗಳವರೆಗೆ ಇರಬಹುದು. ಕರುವಿಗೆ ಬೇನೆ ಇಲ್ಲದಿದ್ದರೂ ಇದೆ ಎಂದು ತೋರೀತು. ಆದ್ದರಿಂದ ಆರು ತಿಂಗಳು ತುಂಬಿದ ಮೇಲೆ ಈ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮೊದಲೇ ತಿಳಿಯಬೇಕಾದರೆ ಪಿ.ಸಿ.ಆರ್. ಬೇಕು. ಇನ್ನು ತುಂಬಿದ ಗಬ್ಬದ ಹಸು, ಆಗತಾನೆ ಈದ ಹಸು ಇವುಗಳಲ್ಲಿ ಪ್ರತಿಕಾಯಗಳೆಲ್ಲ ಕೆಚ್ಚಲಿಗೆ ಇಳಿದು, ರಕ್ತದಲ್ಲಿ ಕಡಿಮೆಯಾಗಿ, ಬೇನೆ ಇದ್ದೂ ಇಲ್ಲವೆಂದು ಬರಬಹುದು. ಹೊಸದಾಗಿ ಸೋಂಕು ತಗುಲಿದ ಹಸುವಿನಲ್ಲಿ ಪ್ರತಿಕಾಯ ಕಾಣಿಸಿಕೊಳ್ಳಲು ಮೂರು ವಾರದಿಂದ ಹದಿನಾರು ವಾರ ಬೇಕು. ಆದ್ದರಿಂದ ಒಂದು ಸಲ 'ಇಲ್ಲ' ಎಂದು ಬಂದರೆ ಸಾಲದು. ನಾಲ್ಕು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವುದು ಕ್ಷೇಮ. ಯಾವ ಪರೀಕ್ಷೆ ಬೇಕು, ಮಾದರಿ ಎಲ್ಲಿಗೆ ಹೋಗಬೇಕು ಎಂಬುದನ್ನು ನಿಮ್ಮ ಪಶು ಆಸ್ಪತ್ರೆಯ ವೈದ್ಯರು ತೀರ್ಮಾನಿಸುತ್ತಾರೆ. ದನಗಳ ರೋಗ ಪತ್ತೆಯ ಕೆಲಸಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ ರಾಜ್ಯದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ.

ಈ ಬೇನೆಯನ್ನು ಗೆದ್ದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಹೋರಿಯ ವೀರ್ಯವನ್ನು ಶೀತದಲ್ಲಿಟ್ಟು ಕಾಪಾಡುವ ಕೇಂದ್ರ ಸ್ಥಾಪನೆಯಾದದ್ದು ಡೆನ್ಮಾರ್ಕ್ ದೇಶದ ನೆರವಿನಿಂದ. ಆ ಡೆನ್ಮಾರ್ಕಿನವರು ತಮ್ಮ ದೇಶದಲ್ಲಿ ಈ ಬೇನೆಯ ವಿರುದ್ಧ ೧೯೫೯ರಲ್ಲೇ ಕೆಲಸ ಆರಂಭಿಸಿದರು. ಆಗ ವೈರಾಣುವೇ ಪತ್ತೆಯಾಗಿರಲಿಲ್ಲ. ಬಿಳಿ ಕಣಗಳನ್ನು ಎಣಿಸಿ ಎಣಿಸಿಯೇ ಬೇನೆಯ ಹಿಂಡುಗಳನ್ನು ಗುರುತಿಸಿದರು, ಪಟ್ಟು ಬಿಡದೆ ನಡೆದು ಕೊನೆಗೆ ಬೇನೆಯನ್ನು ತೊಲಗಿಸಿದರು. ಬ್ರಿಟನ್ನೂ ೧೯೯೯ರಲ್ಲಿ ಈ ಬೇನೆಯಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಇತ್ತ ಅಮೆರಿಕದಲ್ಲಿ ಅಷ್ಟು ಬಿಗಿ ಮಾಡಲಿಲ್ಲ. ೨೦೦೭ರಲ್ಲಿ ಅಲ್ಲಿನ ಸರ್ಕಾರ ಹಾಲಿನ ಪರೀಕ್ಷೆ ಮಾಡಿ ನೋಡಿದಾಗ ನೂರು ಡೇರಿ ಹಿಂಡುಗಳಲ್ಲಿ ೮೩ಕ್ಕೂ ಹೆಚ್ಚು ಹಿಂಡುಗಳಲ್ಲಿ ಈ ಬೇನೆಯ ಗುರುತು ಸಿಕ್ಕಿತು. ಬೇನೆ ಕಡಿಮೆ ಇದ್ದಾಗಲೇ ಎಚ್ಚರವಾಗುವುದಕ್ಕೂ ಹಬ್ಬಿದ ಮೇಲೆ ಎಚ್ಚರವಾಗುವುದಕ್ಕೂ ಇರುವ ಅಂತರ ಇಷ್ಟು.

ಆ ದೇಶಗಳಲ್ಲಿ ಬೇನೆಯ ಹಸುಗಳನ್ನು ಕಡಿದು ಹಿಂಡನ್ನು ಶುದ್ಧ ಮಾಡಿದರು. ನಮ್ಮಲ್ಲಿ ಅದು ಕಾನೂನಿಗೂ ಮನಸ್ಸಿಗೂ ಒಪ್ಪದ ಮಾತು. ಹಾಗಾದರೆ ನಾವು ಮಾಡಬೇಕಾದದ್ದೇನು? ಹೊರದೇಶದಿಂದ ಬರುವ ಹೋರಿ, ವೀರ್ಯಗಳಿಗೆ ಈ ಬೇನೆಯ ಪರೀಕ್ಷೆ ಆಗಬೇಕೆಂಬ ನಿಯಮವನ್ನು ಸರ್ಕಾರ ಇಟ್ಟಿದೆ. ಕೊಟ್ಟಿಗೆಯ ಬಾಗಿಲು ಕಾಯುವ ಕೆಲಸ ನಮ್ಮದು. ಈಗ ಹೇಳುವ ಮಾತುಗಳನ್ನು ಮನೆಯವರೆಲ್ಲ ಕೂತು ಕೇಳಿ.

ಒಂದು: ರಾಸಿಗೊಂದು ಸೂಜಿ. ಯಾರೇ ಬಂದು ಚುಚ್ಚುಮದ್ದು ಕೊಡಲಿ, 'ಹೊಸ ಸೂಜಿ ಹಾಕಿ ಸ್ವಾಮಿ' ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೇಳುವ ಹಕ್ಕು ನಿಮಗಿದೆ. ಸೂಜಿಯ ಬೆಲೆ ಹಸುವಿನ ಬೆಲೆಯ ಮುಂದೆ ಯಾವ ಲೆಕ್ಕ? ಬಳಸಿದ ಸೂಜಿಯನ್ನು ಮಕ್ಕಳ ಕೈಗೆ, ದನದ ಕಾಲಿಗೆ ಸಿಗದಂತೆ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಕೊಡಿ.

ಎರಡು: ದಬ್ಬಳ, ಕುಡುಗೋಲು, ಕತ್ತರಿ ಯಾವುದನ್ನೇ ಬಳಸಿದರೂ ಮೊದಲು ರಕ್ತ ಹೋಗುವಂತೆ ಸೋಪುನೀರಿನಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ ಇಪ್ಪತ್ತು ನಿಮಿಷ, ಎಂದರೆ ಅನ್ನ ಬೇಯುವಷ್ಟು ಹೊತ್ತು, ನೀರಿನಲ್ಲಿ ಕುದಿಸಿ. ತೊಳೆಯದೆ ಕುದಿಸಿದರೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಎರವಲು ತಂದ ಹತಾರವನ್ನು ಬಳಸುವ ಮೊದಲೂ ಕುದಿಸಿ, ಕೊಡುವ ಮೊದಲೂ ಕುದಿಸಿ.

ಮೂರು: ಕೊಂಬು ತೆಗೆಸುವುದಾದರೆ ಕರು ಎಳೆಯದಿರುವಾಗಲೇ, ಕೊಂಬಿನ ಮೊಳಕೆ ಕಾಣುವ ಹೊತ್ತಿಗೆ, ಪಶುವೈದ್ಯರಿಂದ ಸುಡಿಸಿ. ರಕ್ತ ಬಾರದು, ಕರುವಿಗೂ ಕಷ್ಟ ಕಡಿಮೆ. ದೊಡ್ಡದಾದ ಮೇಲೆ ಗರಗಸ ಹಾಕಿ ಕೊಯ್ಯಿಸುವುದು ಬೇಡ.

ನಾಲ್ಕು: ನೊಣ, ಉಣ್ಣೆ ಎರಡನ್ನೂ ಕೊಟ್ಟಿಗೆಯಿಂದ ದೂರವಿಡಿ. ಗಂಜಲ ನಿಲ್ಲಬಾರದು, ನೆನೆದ ಹುಲ್ಲು ಕೊಳೆಯಬಾರದು, ತಿಪ್ಪೆ ಕೊಟ್ಟಿಗೆಗೆ ಅಂಟಿರಬಾರದು. ಗೋಡೆಯ ಬಿರುಕುಗಳಲ್ಲಿ ಉಣ್ಣೆ ಮೊಟ್ಟೆ ಇಡುತ್ತದೆ, ಅವನ್ನು ಮೆತ್ತಿ ಸುಣ್ಣ ಬಳಿಯಿರಿ. ಉಣ್ಣೆಯ ಔಷಧವನ್ನು ವೈದ್ಯರು ಹೇಳಿದ ಅಳತೆಯಲ್ಲಿಯೇ ಹಾಕಿ.

ಐದು: ಹಸು ಕೊಳ್ಳುವಾಗ ಎಚ್ಚರ. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯ ಜಾತ್ರೆಗೆ ಹೋಗಿ ರಾಸು ನೋಡುವುದು ನಮ್ಮವರಿಗೆ ಹಬ್ಬವಿದ್ದಂತೆ. ಸುಳಿ ನೋಡುತ್ತೀರಿ, ಹಲ್ಲು ನೋಡುತ್ತೀರಿ, ಕೆಚ್ಚಲು ಹಿಡಿದು ನೋಡುತ್ತೀರಿ. ರಕ್ತವನ್ನೂ ನೋಡಿಸಿ. ಜಾತ್ರೆಯಿಂದ ಬರಲಿ, ದೂರದ ಊರಿನ ದಲ್ಲಾಳಿಯಿಂದ ಬರಲಿ, ಹೊಸ ರಾಸನ್ನು ಒಂದು ತಿಂಗಳು ಬೇರೆ ಕಟ್ಟಿ, ಪಶುವೈದ್ಯರಿಗೆ ತೋರಿಸಿ, ಆಮೇಲೆ ಹಳೆಯ ರಾಸುಗಳ ಜೊತೆ ಬಿಡಿ. ಈ ಒಂದು ತಿಂಗಳ ನಿಯಮದಿಂದ ಕಾಲುಬಾಯಿ ಜ್ವರದಂಥ ಬೇರೆ ರೋಗಗಳೂ ಬಾಗಿಲಲ್ಲೇ ಗೊತ್ತಾಗುತ್ತವೆ.

ಆರು: ಪರೀಕ್ಷೆಯಲ್ಲಿ ಹಸುವಿಗೆ ಬೇನೆ ಇದೆ ಎಂದು ಬಂದರೆ ಎದೆಗುಂದಬೇಡಿ. ಅದು ಇನ್ನೂ ಎಷ್ಟೋ ವರ್ಷ ಹಾಲು ಕೊಟ್ಟೀತು. ಅದನ್ನು ಕೊಟ್ಟಿಗೆಯ ಒಂದು ಕೊನೆಗೆ ಬೇರೆ ಕಟ್ಟಿ. ಚುಚ್ಚುಮದ್ದು, ಗೊರಸು ಕತ್ತರಿಸುವುದು ಯಾವುದಿದ್ದರೂ ಆರೋಗ್ಯದ ಹಸುಗಳಿಗೆ ಮೊದಲು, ಇದಕ್ಕೆ ಕಡೆಯಲ್ಲಿ. ಹಾಲು ಕರೆಯುವುದೂ ಕಡೆಯಲ್ಲೇ. ಇದರ ಕರುವಿಗೆ ಸಾಧ್ಯವಾದರೆ ಬೇನೆ ಇಲ್ಲದ ಹಸುವಿನ ಗಿ‌ಣ್ಣುಹಾಲು ಕುಡಿಸಿ. ಸಿಗದಿದ್ದರೆ ತಾಯಿಯದನ್ನೇ ಕುಡಿಸಿ. ಗಿಣ್ಣುಹಾಲು ತಪ್ಪಿಸಿದರೆ ಕರು ಬೇರೆ ರೋಗದಿಂದ ಉಳಿಯದು. ಗಿಣ್ಣಿನ ದಿನ ಮುಗಿದ ಮೇಲೆ ಹಾಲನ್ನು ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ಪಾತ್ರೆಯಲ್ಲಿ ಕುಡಿಸಿ. ಕರುವಿಗೆ ಆರು ತಿಂಗಳು ತುಂಬಿದ ಮೇಲೆ ಅದರ ರಕ್ತವನ್ನೂ ನೋಡಿಸಿ.

ಏಳು: ಬೇನೆ ಇದೆಯೆಂದು ಗೊತ್ತಿದ್ದೂ ಆ ಹಸುವನ್ನು ಜಾತ್ರೆಗೆ ಹೊಡೆದುಕೊಂಡು ಹೋಗಬೇಡಿ. ಕೊಂಡವನೂ ನಿಮ್ಮಂತೆಯೇ ಸಾಲ ಮಾಡಿ ಬಂದ ರೈತ. ಅವನ ಕೊಟ್ಟಿಗೆಗೆ ಬೇನೆ ಕಟ್ಟಿ ಕಳಿಸಿದರೆ ಅದು ಸುತ್ತಿ ಸುತ್ತಿ ನಮ್ಮ ಊರಿಗೇ ಬರುತ್ತದೆ.

ತಾಯಂದಿರಿಗೆ ಒಂದು ಸಂಶಯ ಬಂದಿರಬಹುದು. "ಅಂಥಾ ಹಸುವಿನ ಹಾಲನ್ನ ಮಕ್ಕಳಿಗೆ ಕೊಡಬಹುದಾ?" ಈ ಬೇನೆ ಹಸುವಿನಿಂದ ಮನುಷ್ಯರಿಗೆ ಬರುತ್ತದೆಂದು ಸಿದ್ಧಪಟ್ಟಿಲ್ಲ. ವಿಜ್ಞಾನಿಗಳು ಆ ವಿಷಯವನ್ನು ಇನ್ನೂ ಪರಿಶೀಲಿಸುತ್ತಿದ್ದಾರೆ. ಹಾಲು ಕಾಯಿಸಿದರೆ ವೈರಾಣು ಸಾಯುವುದು ಮಾತ್ರ ಖಂಡಿತ. ಡೇರಿಯ ಪ್ಯಾಕೆಟ್ಟಿನ ಹಾಲನ್ನು ಮೊದಲೇ ಕಾಯಿಸಿ ತಣಿಸಿರುತ್ತಾರೆ. ಮನೆಯಲ್ಲಿ ಕರೆದ ಹಾಲನ್ನು ಉಕ್ಕು ಬರುವ ತನಕ ಕಾಯಿಸಿಯೇ ಕುಡಿಯಿರಿ. ಹಸಿ ಹಾಲು ಕುಡಿದರೆ ಶಕ್ತಿ ಎಂಬ ನಂಬಿಕೆ ಕೆಲವರಲ್ಲಿದೆ. ಅದು ಬೇಡ. ಕಂದು ಹಾಕುವ ರೋಗ, ಕ್ಷಯ ಇವು ಹಸಿ ಹಾಲಿನಿಂದ ಮನುಷ್ಯರಿಗೆ ಬರುವುದು ನಿಶ್ಚಯವಾಗಿ ಗೊತ್ತಿರುವ ಸಂಗತಿ.

ಕಡೆಯದಾಗಿ ಒಂದು ಮಾತು. ಈ ಕೆಲಸ ಒಂದು ಮನೆಯವರಿಂದ ಆಗುವುದಲ್ಲ. ನಾನೊಬ್ಬ ಸೂಜಿ ಬದಲಾಯಿಸಿ, ಪಕ್ಕದ ಮನೆಯವರು ಬದಲಾಯಿಸದಿದ್ದರೆ ನೊಣಕ್ಕೆ ಗೋಡೆಯ ಅಡ್ಡಿಯೇನೂ ಇಲ್ಲ. ನಿಮ್ಮ ಊರಿನಲ್ಲಿ ಹಾಲು ಉತ್ಪಾದಕರ ಸಂಘ ಇದೆ. ಮುಂದಿನ ಸಭೆಯಲ್ಲಿ ಹಿಂಡಿ, ಬೂಸದ ಮಾತು ಮುಗಿದ ಮೇಲೆ ಈ ಮಾತನ್ನೂ ಎತ್ತಿ. ಊರಿನಲ್ಲಿ ಎಷ್ಟು ರಾಸು ಇವೆ ಎಂದು ಎಣಿಸಿ, ಲಸಿಕೆಯ ದಿನಕ್ಕೆ ಅಷ್ಟು ಸೂಜಿ ಇರುವಂತೆ ಪಶು ಆಸ್ಪತ್ರೆಯವರೊಡನೆ ಮೊದಲೇ ಮಾತಾಡಿಕೊಳ್ಳಿ. ಸಾಲದೆ ಬಂದರೆ ಸಂಘದಿಂದಲೇ ತರಿಸಿಡಿ. ಮೂಗು ಚುಚ್ಚುವವರಿಗೆ, ಗೊರಸು ಕತ್ತರಿಸುವವರಿಗೆ ಹತಾರ ಕುದಿಸಲು ಒಂದು ಪಾತ್ರೆಯನ್ನು ಊರ ಪರವಾಗಿ ಕೊಡಿಸಿ. ಯಾರ ಹಸುವಿಗಾದರೂ ಬೇನೆ ಇದೆಯೆಂದು ತಿಳಿದರೆ ಅವರನ್ನು ದೂರಬೇಡಿ, ದೂರ ಇಡಬೇಡಿ. ದೂರಿದರೆ ನಾಳೆ ಯಾರೂ ಪರೀಕ್ಷೆಗೆ ಮುಂದೆ ಬರುವುದಿಲ್ಲ. ಬೇನೆ ಮುಚ್ಚಿಟ್ಟಷ್ಟೂ ಬೆಳೆಯುತ್ತದೆ.

ಹೊಗೆಸೊಪ್ಪಿನ ಸಸಿಮಡಿಗೆ ಕೈ ತೊಳೆದು ಇಳಿಯುವುದನ್ನು ನಾವು ಕಲಿತಿದ್ದೇವೆ. ಅದೇ ಶಿಸ್ತನ್ನು ಕೊಟ್ಟಿಗೆಗೂ ತಂದರೆ ಸಾಕು. ಒಂದು ಹಸುವಿನ ರಕ್ತ ಇನ್ನೊಂದು ಹಸುವಿಗೆ ತಾಗದಂತೆ ನೋಡಿಕೊಳ್ಳಿ. ಗಂಟು ಕಂಡರೆ ಆ ದಿನವೇ ವೈದ್ಯರಿಗೆ ತೋರಿಸಿ. ಹೊಸ ರಾಸನ್ನು ಪರೀಕ್ಷೆ ಮಾಡಿಸದೆ ಹಿಂಡಿಗೆ ಸೇರಿಸಬೇಡಿ. ನಿಮ್ಮ ಕೊಟ್ಟಿಗೆಯ ಹಸುಗಳು ತುಂಬು ಆಯುಷ್ಯದವರೆಗೆ ಕರೆಯಲಿ, ನಿಮ್ಮ ಮನೆಯಲ್ಲಿ ಹಾಲು ಸದಾ ಉಕ್ಕಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.